ಕಂಬ ಹದಿನೇಳು

ಬೆಳಗ್ಗೆ ಆರಕ್ಕೆ ಬಂದರಿನ ಬೀದಿಯಲ್ಲಿ
ಮುಕ್ಕಾಲಿ ಊರಿ ಲೇಸರ್ ತಿರುಗಿಸಿದೆ.
ಬೆಳಕು ಎಸೆಯುತ್ತದೆ, ತಾಗಿ ಮರಳಿದ್ದನ್ನು ಎಣಿಸುತ್ತದೆ:
ಗೋದಾಮಿನ ಗೋಡೆ, ಹೆಂಚು, ಗೂಡಂಗಡಿ, ಟ್ರಾನ್ಸ್‌ಫಾರ್ಮರ್.
ಪರದೆಯ ಮೇಲೆ ಇಡೀ ಬೀದಿ
ಬೂತಾಯಿ ಬುಟ್ಟಿ ಮಗುಚಿದ ಹಾಗೆ ಮಿನುಗಿತು.
ನೀರಿದ್ದಲ್ಲಿ ಮಾತ್ರ ಬೆಳಕು ಮರಳುವುದಿಲ್ಲ.
ಕೊಚ್ಚೆ ನಿಂತ ಕಡೆಯೆಲ್ಲ ಕಪ್ಪು ತೂತು.

ಮೂರನೇ ಮಹಡಿಯ ಎ.ಸಿ. ಕೋಣೆಯಲ್ಲಿ
ನನ್ನ ಕೆಲಸ ಗಲೀಜು ತೆಗೆಯುವುದು.
ಚಲಿಸಿದ್ದೆಲ್ಲ ಗಲೀಜು.
ಐಸ್ ಹೊತ್ತವನು, ಶಾಲೆಯ ಮಕ್ಕಳು,
ತಲೆ ಇಲ್ಲಿ, ಬಾಲ ಎರಡು ಮಾರು ಆಚೆ ಉಳಿದ ಬೆಕ್ಕು:
ಸುತ್ತ ಗೆರೆ ಎಳೆದು ಡಿಲೀಟ್ ಒತ್ತಿದೆ.
ಮಧ್ಯಾಹ್ನದ ಹೊತ್ತಿಗೆ ಬೀದಿ ಶುಭ್ರ,
ಕರ್ಫ್ಯೂ ದಿನದ ಹಾಗೆ.

ಕಂಬಗಳಿಗೆ ಯಂತ್ರವೇ ನಂಬರು ಕೊಡುತ್ತದೆ.
ಹದಿನಾರು ಕರೆಂಟಿನವು. ಹದಿನೇಳನೆಯದು
ಗಿಡ್ಡ. ಬುಡ ಚೌಕ, ಮೇಲೆ ದುಂಡು,
ಎತ್ತರ ಒಂದು ಮೀಟರು ಮೂವತ್ತೈದು ಸೆಂಟಿಮೀಟರು.
ತಂತಿ ಇಲ್ಲ, ದೀಪವೂ ಇಲ್ಲ.
ಹಿಗ್ಗಿಸಿ ನೋಡಿದೆ:
ತುದಿಯಲ್ಲಿ ತುರುಬು.

ಮರುದಿನ ಹೋಗಿ ಹೇಳಿದೆ.
ಕಲ್ಯಾಣಿ ಪುತ್ರನ್ ಕತ್ತಿ ಕೆಳಗಿಟ್ಟು ನಕ್ಕರು.
"ನಾನು ಕಂಬವಾ? ನನ್ನ ಗಂಡ ಕೇಳಬೇಕಿತ್ತು ಇದನ್ನು!
ಹೌದು ಮಾರಾಯ್ತಿ, ಬೆಳಗ್ಗಿನ ಹೊತ್ತು ಅಲ್ಲಾಡುವುದಿಲ್ಲ.
ಅಲ್ಲಾಡಿದರೆ ಜಾಗ ಹೋಗ್ತದೆ."
ಕೂತದ್ದು ಎರಡು ಮೀನಿನ ಕ್ರೇಟಿನ ಮೇಲೆ.
"ಮೊದಲು ಒಂದೇ ಇತ್ತು. ಆಚೆ ರಸ್ತೆ ಕಾಂಕ್ರೀಟು ಹಾಕಿ ಏರಿಸಿದರಲ್ಲ,
ನೀರು ಈಚೆ ಬಂತು, ಎರಡಾಯ್ತು.
ಈ ಮಳೆಗೆ ಇನ್ನೊಂದು ಹೇಳಿಟ್ಟಿದ್ದೇನೆ."

ನೀರಿನ ಮಟ್ಟ ಅಳೆಯುವ ಸೆನ್ಸರಿಗೆ
ನಾವು ಎರಡು ಸಲ ಟೆಂಡರ್ ಕರೆದಿದ್ದೆವು.

ಹಮ್ಮಬ್ಬರನ್ನು ಅಳಿಸಿದ್ದು ನಾನೇ.
ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿ,
ಮಡಿಲ ತುಂಬ ಕಡ್ಡಿ ಮುರಿದ ಕೊಡೆಗಳು.
ಚಲಿಸುತ್ತಿದ್ದರು, ಅದಕ್ಕೆ.
ಟ್ಯಾಬ್ ಮುಂದೆ ಹಿಡಿದರೆ ಕನ್ನಡಕ ಒರೆಸಿಕೊಂಡು
ಬೀದಿಯ ಮೇಲೆ ಬೆರಳು ನಡೆಸಿದರು,
ಒಂದು ಕಡೆ ನಿಲ್ಲಿಸಿದರು.
"ಇಲ್ಲಿಂದ ರಟ್ಟೆ ನೋಯ್ತದೆ."
"ಏರು ಶುರುವಾಗುವುದು ಇನ್ನೂ ಮುಂದೆ ಅಲ್ವಾ?" ಎಂದೆ,
ಲೆಕ್ಕ ತೋರಿಸಿ.
"ಏರು ಮುಂದೆಯೇ. ಆದರೆ ಇಲ್ಲೊಂದು ಚಪ್ಪಡಿ ಎದ್ದಿದೆ,
ಓಟ ಸಿಗುವುದಿಲ್ಲ.
ಯಾರಾದರೂ ದೂಡ್ತಾರಾ ಅಂತ ನಿಲ್ತೇನೆ."
ಕೋಟಿ ಚುಕ್ಕಿಯಲ್ಲಿ ಆ ಚಪ್ಪಡಿ ಇತ್ತು.
ನಿಲ್ಲುವುದು ಇರಲಿಲ್ಲ.

ನಕ್ಷೆಗೆ ಜನ ಬೇಕೆಂದರು ಸಾಹೇಬರು.
ಸಾಫ್ಟ್‌ವೇರಿನ ಖಜಾನೆಯಲ್ಲಿ ಸಿಕ್ಕವರು
ಉದ್ದ ಕೋಟಿನವನು, ನಾಯಿ ಹಿಡಿದು ಓಡುವವಳು,
ಬಲೂನಿನ ಹುಡುಗ;
ಯಾರೂ ಬೆವರುವುದಿಲ್ಲ.
ಹದಿನೇಳಕ್ಕೂ ವರ್ಗ ಆರಿಸಬೇಕಿತ್ತು:
ಕಟ್ಟಡ, ಮರ, ವಾಹನ, ಇತರೆ.
ಬಹಳ ಹೊತ್ತು ಬಾಣದ ಗುರುತು
ಮಿಟುಕಿಸುತ್ತ ನಿಂತಿತು.
ಕೊನೆಗೆ ಹೊಸ ಸಾಲು ಸೇರಿಸಿ ಬರೆದೆ:
ಕೂತವರು.
ಅದರ ಕೆಳಗೆ ಇನ್ನೊಂದು: ದೂಡುವವರಿಗಾಗಿ ಕಾಯುವವರು.

ರಾತ್ರಿ ಗಂಟೆಗೆ ಅರವತ್ತು ಮಿಲಿಮೀಟರು ಮಳೆ ಸುರಿಸಿದೆ,
ಯಾರನ್ನೂ ಒದ್ದೆ ಮಾಡದ ಮಳೆ.
ನೀಲಿ ಬಣ್ಣ ಓಣಿಯಿಂದ ಇಳಿದು ಬಂತು,
ಮೊದಲ ಕ್ರೇಟು ಮುಳುಗಿತು, ಎರಡನೆಯದು ಅರ್ಧ.
ಚರಂಡಿ ಅಗಲಿಸಿದೆ. ಕಾಂಕ್ರೀಟು ಕಿತ್ತು
ಮಣ್ಣಿಗೆ ಬಾಯಿ ಬಿಡಿಸಿದೆ. ಚಪ್ಪಡಿ ಇಳಿಸಿದೆ,
ಏರನ್ನು ಹನ್ನೆರಡು ಅಡಿಗೆ ಒಂದಡಿಯಷ್ಟು ತಗ್ಗಿಸಿದೆ.
ಮತ್ತೆ ಮಳೆ, ಮತ್ತೆ ನೀಲಿ.
ಇಪ್ಪತ್ತೆರಡನೆಯ ಸಲಕ್ಕೆ ನೀರು
ಕೆಳಗಿನ ಕ್ರೇಟಿನ ಅಡಿಪಟ್ಟಿಗೆ ತಾಗಿ
ಅಲ್ಲೇ ಯೋಚಿಸಿ, ಹೊಳೆಯ ಕಡೆ ಹೊರಟಿತು.

ಸೋಮವಾರ ಮೀಟಿಂಗು. ಒಪ್ಪುತ್ತಾರೋ, ಇಲ್ಲವೋ.
ಖರ್ಚಿನ ಕಾಲಂ ಇನ್ನೂ ಖಾಲಿ.

ಕಲ್ಯಾಣಿಯಕ್ಕನಿಗೆ ತೋರಿಸಿದೆ, ಚುಕ್ಕಿ ಚುಕ್ಕಿಯಾಗಿ ಅವರನ್ನೇ.
ಮುಖ ಓರೆ ಮಾಡಿ ನೋಡಿದರು. "ಇಷ್ಟು ತೋರವಾ ನಾನು?"
ಬಂಗುಡೆಯ ಮೇಲೆ ನೀರು ಚಿಮುಕಿಸುತ್ತ,
ನನ್ನ ಕಡೆ ತಿರುಗದೆಯೇ,
ಮನೆ ಕಟ್ಟಿಸುವವರು ಮೇಸ್ತ್ರಿಗೆ ಹೇಳುವ ಹಾಗೆ:

"ಹನ್ನೊಂದರ ಮೇಲೆ ಬಿಸಿಲು ಬೆನ್ನಿಗೆ ಬೀಳ್ತದೆ.
ಅಲ್ಲೊಂದು ನೆರಳು ಹಾಕು."